ತಪ್ಪು ತೂತಿನ ವೃತ್ತಾಂತ

ನಾಗಪುರದ ಪ್ರತಾಪ ನಗರದಲ್ಲಿರುವ ನಮ್ಮ ಮನೆಯ ನಡುಕೋಣೆಯಲ್ಲಿ ಮೂರು ಕ್ಯಾಲೆಂಡರ್‌ಗಳು ತೂಗಾಡುತ್ತಿದ್ದವು. ಅವುಗಳಲ್ಲಿ ಈ ವರ್ಷದ್ದು ಒಂದೇ. ಉಳಿದೆರಡನ್ನು ಕಂಡು ನಮ್ಮನ್ನು ಭೂತಕಾಲದ ಆರಾಧಕರೆಂದು ತಿಳಿದು ಹೋದ ಅತಿಥಿಗಳುಂಟು. ನಿಜಸಂಗತಿ ಅಷ್ಟು ಘನವಾದದ್ದಲ್ಲ: ಅವು ನಾನು ತಪ್ಪು ಜಾಗದಲ್ಲಿ ಕೊರೆದ ಎರಡು ತೂತುಗಳ ಮಾನ ಮುಚ್ಚುವ ವಸ್ತ್ರಗಳು. ಅವನ್ನು ತೂಗುಹಾಕಿದ ಮೊಳೆಗಳು ಮಾತ್ರ ಸರಿಯಾದ ಸ್ಥಾನದಲ್ಲಿದ್ದವು, ಏಕೆಂದರೆ ಅವನ್ನು ಹೊಡೆದವಳು ನನ್ನ ಹೆಂಡತಿ ಸುಧಾ.

ಓದುಗರು ನಗುವ ಮೊದಲೇ ಇನ್ನೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಹಿಂಗಣಾದ ಕಾರ್ಖಾನೆಯೊಂದರಲ್ಲಿ ನನ್ನದು ಮಾಲು ತಪಾಸಣೆಯ ಕೆಲಸ. ಅಂದರೆ, ಬೇರೆಯವರು ಕೊರೆದ ತೂತು ಕೂದಲೆಳೆಯಷ್ಟು ಸರಿದಿದ್ದರೂ ಅದನ್ನು ಹಿಡಿದು ಕೆಂಪು ಬಣ್ಣ ಬಳಿಯುವುದಕ್ಕೇ ನನಗೆ ಸಂಬಳ.

ನಮ್ಮ ಜೊತೆಗಿರುವ ಮಾವನವರು ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಪ್ರಾಯದಿಂದಲೂ ಒಂದೇ ಮಡಚುವ ಕ್ಷೌರಕತ್ತಿಯಿಂದ ಮುಖ ಬೋಳಿಸಿಕೊಂಡು ಬಂದವರು. ಈಚೆಗೆ ಅದು ಬಚ್ಚಲಲ್ಲಿ ಬಿದ್ದು, ಅಲಗು ಉಳಿದು, ಹಿಡಿ ಸೀಳಿತು. ಹಿಡಿಯೆಂದರೆ ಮಡಚಿದ ಅಲಗನ್ನು ನಡುವೆ ಹುದುಗಿಸಿಕೊಳ್ಳುವ ಎರಡು ತೆಳು ಪಟ್ಟಿಗಳು, ಅಷ್ಟೇ. ಆದರೆ ಅದಿಲ್ಲದೆ ಮಾವನವರ ಗಡ್ಡ ಬೆಳೆಯತೊಡಗಿತು. ಸಲೂನಿಗೆ ಹೋಗೋಣವೆಂದರೆ, “ಈ ಗಲ್ಲ ಇನ್ನೊಬ್ಬನ ಕೈಗೆ ಕೊಟ್ಟಿಲ್ಲ, ಕೊಡಂಗೂ ಇಲ್ಲ” ಎಂದರು. ರಾಮದಾಸಪೇಠದಲ್ಲಿ ಹಳೆಯ ಗೆಳೆಯರೊಂದಿಗಿನ ಭಾನುವಾರದ ಚಹಾ ಕೂಡ ನಿಂತಿತು. “ಇಂಥಾ ಮಾರಿ ತೊಗೊಂಡ ಹೆಂಗ ಹೋಗ್ಲಿ?” ಅತ್ತೆಯವರು ತೀರಿಕೊಂಡ ಮೇಲೆ ಆ ಚಹಾ ಒಂದಕ್ಕೇ ಅವರು ಹೊಸಿಲು ದಾಟುತ್ತಿದ್ದುದು. ಮೂರು ಭಾನುವಾರ ಕಳೆದ ಮೇಲೆ ಸುಧಾ ಅಡಿಗೆಮನೆಯಿಂದ ಒಂದು ಲಟ್ಟಣಿಗೆ ತಂದು ನನ್ನ ಮುಂದಿಟ್ಟಳು.

“ಅವ್ವಂದು. ಒಂದ ಕಡೆ ಹುಳಾ ಹಿಡದೈತಿ. ಉಳದದ್ದರಾಗ ಒಂದ ಜೋಡಿ ಪಟ್ಟಿ ಬರ್ತಾವ. ಎರಡ್ನೇ ಜೋಡಿ ಬರಂಗಿಲ್ಲ, ತಿಳೀತಿಲ್ರಿ?”

ಎರಡನೆಯದು ಬರುವುದಿಲ್ಲ ಎಂಬ ಮಾತು ಚಿಂತಾಮಗ್ನ ಸ್ವಭಾವದವನ ಕಿವಿಗೆ ಬೀಳಬಾರದು. ಪಟ್ಟಿಗಳನ್ನು ಸೀಳಿ, ಉಜ್ಜಿ, ಜೋಡಿಸಿ ಕಟ್ಟಿದ ಮೇಲೆ, ಅಲಗು ತಿರುಗುವ ಪಿನ್ನಿನ ಜಾಗವನ್ನು ಅಳೆದು ಪೆನ್ಸಿಲಿನಿಂದ ಚುಕ್ಕಿಯಿಟ್ಟೆ. ಅನುಮಾನ ಬಂತು, ಮತ್ತೆ ಅಳೆದೆ, ಮತ್ತೊಂದು ಚುಕ್ಕಿ. ಹೀಗೆ ಜಾಗರೂಕತೆಯೇ ಮಿತಿಮೀರಿ ಐದು ಚುಕ್ಕಿಗಳಾದವು. ಕೊನೆಗೆ ಡ್ರಿಲ್ಲಿಂಗ್ ಮಶೀನು ಗುಂಯ್‌ಗುಟ್ಟುವಾಗ ಯಾವುದು ಅಂತಿಮ ತೀರ್ಮಾನ, ಯಾವುದು ತಿರಸ್ಕೃತ ಎಂಬುದು ಮರೆತು, ಬಹುಶಃ ಎರಡನೆಯ ಚುಕ್ಕಿಗೆ ಕೊರೆದುಬಿಟ್ಟೆ. ಪಿನ್ನು ತೂರಿಸಿ ಮಡಚಿ ನೋಡಿದರೆ ಅಲಗಿನ ಅಂಚು ಹಿಡಿಯಿಂದ ಹೊರಗೆ ಇಣುಕುತ್ತಿತ್ತು, ಮಾವನವರ ಬೆರಳಿಗಾಗಿಯೇ ಹೊಂಚುಹಾಕಿದಂತೆ.

ಪಕ್ಕದಲ್ಲೇ ಇನ್ನೊಂದು ತೂತು ಕೊರೆದರಾಯಿತು ಎನ್ನುತ್ತೀರಿ. ನಾನೂ ಹಾಗೆಂದುಕೊಂಡೇ ಹುಳ ಹಿಡಿದ ತುಂಡಿನ ಮೇಲೆ ಪ್ರಯೋಗ ಮಾಡಿದೆ. ಹಳೆಯ ತೂತಿಗೆ ಒಂದು ದುರ್ಗುಣವಿದೆ: ಹೊಸದಾಗಿ ಕೊರೆಯಲು ಬಂದ ಡ್ರಿಲ್ಲಿನ ಮೊನೆಯನ್ನು, ಅಂದರೆ ಬಿಟ್ಟನ್ನು, ಅದು ತನ್ನೆಡೆಗೇ ಜಾರಿಸಿಕೊಳ್ಳುತ್ತದೆ. ಮೊದಲು ಅದನ್ನು ತುಂಬಬೇಕು, ಆಮೇಲೆ ಸರಿಯಾದದ್ದರ ಮಾತು. ಲಟ್ಟಣಿಗೆಯ ಚೂರಿನಿಂದಲೇ ಸಣ್ಣ ಬೆಣೆ ಕೆತ್ತಿ, ಮರದ ಎಳೆಗೆ ಎಳೆ ಹೊಂದಿಸಿ, ಅಂಟು ಹಚ್ಚಿ ಕೂಡಿಸಿ, ಒಂದು ದಿನವಿಡೀ ಅದನ್ನು ಮುಟ್ಟದೆ ಕುಳಿತೆ. ಇಡೀ ಕೆಲಸದಲ್ಲಿ ಕಷ್ಟದ ಭಾಗ ಅದೇ. ಮರುದಿನ ಒಂದೇ ಒಂದು ಚುಕ್ಕಿಯಿಟ್ಟು, ಮೊಳೆಯ ತುದಿಯಿಂದ ಕುಳಿ ಮಾಡಿ, ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಅಲಗು ವಿಧೇಯವಾಗಿ ಒಳಗೆ ಮಲಗಿತು. ಆದರೆ ಪಿನ್ನಿನ ಪಕ್ಕದಲ್ಲಿ ಬೆಣೆಯ ಅಂಚು ಬಿದಿಗೆಯ ಚಂದ್ರನಂತೆ ಕಾಣುತ್ತಿತ್ತು. ನನ್ನ ಕುಲಾಚಾರದಂತೆ ಅದಕ್ಕೂ ಒಂದು ಕ್ಯಾಲೆಂಡರ್ ಬೇಕಲ್ಲ? ಅಗಲವಾದ ಹಿತ್ತಾಳೆಯ ವಾಷರ್ ಇಟ್ಟು ಮುಚ್ಚಿ, ಪಿನ್ನಿನ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಭದ್ರಪಡಿಸುವ ಮೊದಲು ಮಾವನವರಿಗೆ ತೋರಿಸಿದೆ.

“ಏನ್ ಅಳಿಯಂದ್ರ, ಕತ್ತಿಗೆ ಟೊಪ್ಪಿಗಿ ಹಾಕೀರಿ?” ಎನ್ನುತ್ತ ಅವರು ಪಿನ್ನು ಎಳೆದು ವಾಷರನ್ನು ಪಕ್ಕಕ್ಕಿಟ್ಟರು. ಚಂದ್ರೋದಯವಾಯಿತು. ನಾನು ಐದು ಚುಕ್ಕಿಗಳ ಕಥೆಯನ್ನು ನಿವೇದಿಸಿಕೊಂಡೆ.

“ಐದ ಚುಕ್ಕಿ! ತೂತ ಹಾಕ್ಲಿಕ್ಕೆ ಕುಂತಿದ್ರೋ, ರಂಗೋಲಿ ಹಾಕ್ಲಿಕ್ಕೋ?” ಒಳಗಿನಿಂದ ಸುಧಾ ನಕ್ಕದ್ದು ಕೇಳಿಸಿತು. “ಈಗ ನೀವ ಹೇಳ್ರಿ ಸಾಹೇಬ್ರ, ಈ ಮಾಲು ಪಾಸೋ ಫೇಲೋ?”

“ಫೇಲ್, ಮಾವಾರ.”

ಅವರು ಕಿಟಕಿಯ ಬೆಳಕಿಗೆ ಹಿಡಿದು, ಬೆಣೆಯ ಮೇಲೆ ಹೆಬ್ಬೆರಳು ಸವರಿದರು. ಬಹಳ ಹೊತ್ತು ಸವರಿದರು.

“ಎಳಿ ಬರೋಬರ್ ಕೂಡಿಸೀರಿ. ಸಣ್ಣ ವಾಷರ್ ಸಾಕು. ಅಕಿ ಲಟ್ಟಣಿಗಿ ಕಟಿಗಿ ಮುಚ್ಚಬ್ಯಾಡ್ರಿ.”

ಪಿನ್ನನ್ನು ತಾವೇ ತಟ್ಟಿದರು. ಆ ಭಾನುವಾರ ನುಣ್ಣನೆಯ ಗಲ್ಲ ಹೊತ್ತು ನನ್ನ ಸ್ಕೂಟರಿನ ಹಿಂದೆ ಕುಳಿತು ರಾಮದಾಸಪೇಠಕ್ಕೆ ಬಂದರು. ಕಿಸೆಯಿಂದ ಕತ್ತಿ ತೆಗೆದು ಗೆಳೆಯರಿಗೆ ತೋರಿಸಿದರು. ಅಲಗಲ್ಲ, ಮೊದಲು ಬೆಣೆ. ನಾನು ಚಹಾದ ಕಪ್ಪಿನೊಳಗೆ ಮುಖ ಮರೆಸಿಕೊಂಡೆ.

ಮನೆಗೆ ಮರಳಿದವರು ಚಪ್ಪಲಿ ಬಿಟ್ಟು, ನೇರವಾಗಿ ನಡುಕೋಣೆಗೆ ಬಂದು, ಹೋದ ವರ್ಷದ ಕ್ಯಾಲೆಂಡರನ್ನು ಎತ್ತಿ ಇಣುಕಿದರು. “ಬರ್ರಿ, ಇದನ್ನೂ ತುಂಬೂಣು.” ಎಷ್ಟು ದಿನದಿಂದ ಅವರಿಗೆ ಗೊತ್ತಿತ್ತೋ, ಕೇಳುವ ಧೈರ್ಯವಾಗಲಿಲ್ಲ.

ಈಗ ನಮ್ಮ ಗೋಡೆಯಲ್ಲಿರುವುದು ಒಂದೇ ಕ್ಯಾಲೆಂಡರ್, ಅದರ ಆಚೀಚೆ ಎರಡು ಬಿಳಿ ಚುಕ್ಕಿಗಳು. ಅವೇನೆಂದು ಯಾರಾದರೂ ಕೇಳಿದರೆ ಮಾವನವರು ಗಲ್ಲ ಸವರಿಕೊಳ್ಳುತ್ತ, ಹೆಮ್ಮೆಯಿಂದ, ನನ್ನ ಕಡೆ ಬೆರಳು ತೋರಿಸುತ್ತಾರೆ.