ಎಡಗಡೆಯ ಮಡ್ಗಾರ್ಡ್

ನಾನು ಹುಟ್ಟಾ ಚಿಂತೆಯ ಮನುಷ್ಯ. ಬಸ್ಸು ಬೇಗ ಬಂದರೆ ಇದು ನನ್ನ ಬಸ್ಸು ಹೌದೋ ಅಲ್ಲವೋ ಎಂದು ಚಿಂತೆ, ತಡವಾದರೆ ಆಗಲೇ ಹೋಗಿಬಿಟ್ಟಿತೋ ಎಂದು ಚಿಂತೆ. ಮಣಿಪಾಲದ ಆಫೀಸಿನಲ್ಲಿ ಎರಡು ಸಾಲಿನ ಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಸಲ ಓದುತ್ತೇನೆ. ಆದರೆ ಕೈಗೆ ಮರದ ಕೊಡತಿ ಬಂದು, ಎದುರಿಗೆ ಒಂದು ಕಬ್ಬಿಣದ ತಗಡು ಬಿದ್ದರೆ ನಾನು ಬೇರೆಯೇ ಆಸಾಮಿ. ಎಲ್ಲಿ ಹೊಡೆಯಬೇಕು, ಎಷ್ಟು ಜೋರಾಗಿ ಹೊಡೆಯಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂದು ನನಗೆ ಗೊತ್ತುಂಟು. ಜಂಬ ಪಡಲಿಕ್ಕೆ ನನ್ನಲ್ಲಿ ಬೇರೆ ಎಂತದೂ ಇಲ್ಲವಾದ್ದರಿಂದ ಇದೊಂದನ್ನು ಹೇಳಿಕೊಳ್ಳುತ್ತೇನೆ.

ಕಾಪುವಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಶೆಡ್ಡು ಉಂಟು. ಹಳೆಯ ಕಾರುಗಳ ತುಕ್ಕು ತಿಂದ ಭಾಗಗಳನ್ನು ಅಲ್ಲಿ ತಗಡು ಬಡಿದು ಹೊಸದಾಗಿ ಮಾಡುತ್ತೇನೆ. ಮೊದಲು ನನ್ನದೇ ಕಾರಿಗೆ ಮಾಡಿದೆ, ಆಮೇಲೆ ಇಬ್ಬರು ಸ್ನೇಹಿತರದ್ದಕ್ಕೆ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಟೀಚರ್ ಕಾರ್ಕಳದಿಂದ ಫೋನು ಮಾಡಿದ್ದು ಆ ಸುದ್ದಿ ಹಬ್ಬಿದ ಮೇಲೆಯೇ.

ಟೀಚರ್ ಹತ್ತಿರ ಅವರ ತಂದೆಯ ಕಾಲದ ಒಂದು ಕಪ್ಪು ಕಾರು ಇತ್ತು. ನನಗಿಂತ ಹಿರಿಯದು, ದುಂಡು ಮೈ, ಇಂಜಿನು ಗಟ್ಟಿ. ಎಡಗಡೆಯ ಮುಂದಿನ ಮಡ್ಗಾರ್ಡ್ ಮಾತ್ರ ಹಪ್ಪಳದ ಹಾಗೆ ಪುಡಿಯಾಗಿತ್ತು. ಆ ಕಾರಿನಲ್ಲಿ ಹೆಡ್‌ಲೈಟು ಕೂರುವುದೇ ಮಡ್ಗಾರ್ಡಿನ ಮೇಲೆ. ಹೊಸದು ಎಲ್ಲಿಯೂ ಸಿಗುವುದಿಲ್ಲ. ಟಿಂಕರಿಂಗ್‌ನವರು ಫೈಬರ್‌ನದು ಮಾಡಿಕೊಡುತ್ತೇವೆ ಎಂದರು. ನೋಡಲಿಕ್ಕೆ ಆದೀತು, ಲೈಟಿನ ಭಾರಕ್ಕೂ ರಸ್ತೆಯ ಕುಲುಕಾಟಕ್ಕೂ ನಿಲ್ಲದು. ಅಷ್ಟರಲ್ಲಿ ಟೀಚರ್ ಅಳಿಯ ಮಣಿಪಾಲದ ಒಂದು ಹೋಟೆಲಿನವರನ್ನು ಹುಡುಕಿದ್ದ. ಅವರಿಗೆ ಕಾರು ಓಡುವುದು ಬೇಡ, ಗೇಟಿನ ಹತ್ತಿರ ಅಂದಕ್ಕೆ ನಿಂತರೆ ಸಾಕು. ತಿಂಗಳ ಕೊನೆಗೆ ಲಾರಿ ಬರುವುದೆಂದು ಮಾತಾಗಿತ್ತು.

"ನನಗೆ ಅದನ್ನು ಓಡಿಸಬೇಕು ಮಾರಾಯ," ಎಂದರು ಟೀಚರ್. "ಗೇಟಿನಲ್ಲಿ ನಿಲ್ಲಲಿಕ್ಕೆ ಅದೆಂತ ವಾಚ್‌ಮನ್ನಾ? ನಿನ್ನಿಂದ ಆಗ್ತದಾ, ಇಲ್ವಾ? ಸರಿಯಾಗಿ ಹೇಳು."

"ಆಗ್ತದೆ ಟೀಚರ್," ಎಂದೆ. ಅವರ ಯಾವ ಪ್ರಶ್ನೆಗೂ ನಾನು ಅಷ್ಟು ಬೇಗ ಉತ್ತರ ಕೊಟ್ಟದ್ದಿಲ್ಲ.

ಆ ಭಾನುವಾರವೇ ಕಾರ್ಕಳಕ್ಕೆ ಹೋಗಿ, ಸರಿಯಿದ್ದ ಬಲಗಡೆಯ ಮಡ್ಗಾರ್ಡಿಗೆ ಕಂದು ಕಾಗದ ಹೊದೆಸಿ ಅಳತೆ ತೆಗೆದೆ. ಕಾಗದ ಎಲ್ಲಿ ನೆರಿಗೆ ಬೀಳುತ್ತದೋ ಅಲ್ಲಿ ತಗಡನ್ನು ಕುಗ್ಗಿಸಬೇಕು, ಎಲ್ಲಿ ಹರಿಯುತ್ತದೋ ಅಲ್ಲಿ ಹಿಗ್ಗಿಸಬೇಕು. ಈ ಕೆಲಸದ ಮುಕ್ಕಾಲು ಗುಟ್ಟು ಅಷ್ಟೇ. ಟೀಚರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ರವಿಕೆಯ ತೋಳು ಕತ್ತರಿಸುವ ಹಾಗೆಯೇ ಉಂಟಲ್ಲ. ಆದರೆ ಇದು ಬಲದ ತೋಳು. ಎಡಕ್ಕೆ ಮಗುಚಬೇಕು, ನೆನಪುಂಟಾ?"

"ಉಂಟು ಟೀಚರ್."

ಮಗುಚಲಿಕ್ಕೆ ಮರೆಯಬಾರದೆಂದು ಕಾಗದದ ಹೊರಬದಿಯಲ್ಲಿ 'ಒಳಮೈ' ಎಂದು ಏಳು ಕಡೆ ಬರೆದುಕೊಂಡೆ.

ಎರಡು ವಾರ ಆಫೀಸಿಗೆ ಹೊರಡುವ ಮೊದಲು ದಿನಾ ಒಂದೂವರೆ ಗಂಟೆ ಬಡಿದೆ. ತಗಡನ್ನು ಮರಳಿನ ಚೀಲದ ಮೇಲಿಟ್ಟು ಕೊಡತಿಯಿಂದ ಬಡಿದರೆ ಅದು ನಿಧಾನಕ್ಕೆ ಬಟ್ಟಲಾಗುತ್ತದೆ. ಹಳೆಯ ಚೀಲ ಹರಿದುಹೋಗಿತ್ತು, ಆದ್ದರಿಂದ ಉಡುಪಿಯಲ್ಲಿ ಚಪ್ಪಲಿ ಹೊಲಿಯುವವರಿಂದ ಹೊಸದೊಂದು ಚರ್ಮದ ಚೀಲ ಹೊಲಿಸಿಕೊಂಡು, ಅದಕ್ಕೆ ನಮ್ಮ ಕಡಲತೀರದ ಮರಳನ್ನೇ ತುಂಬಿಸಿದ್ದೆ. ನಯವಾದ, ಒಂದೇ ಸಮನಾದ ಮರಳು. ಮನೆಯಿಂದ ಹತ್ತು ನಿಮಿಷದಲ್ಲಿ ಕಡಲು ಇರುವಾಗ ಮರಳು ಹುಡುಕಿಕೊಂಡು ಬೇರೆ ಊರಿಗೆ ಹೋಗುವವನಿಗೆ ಬುದ್ಧಿ ಇಲ್ಲ ಎಂದೇ ಎಣಿಸಿದ್ದೆ.

ಮಡ್ಗಾರ್ಡ್ ಚೆನ್ನಾಗಿಯೇ ಏಳುತ್ತಿತ್ತು. ಆದರೆ ದಿನ ಬೆಳಗಾದರೆ ತಗಡಿನ ಹೊರಮೈ ತುಂಬ ತುಕ್ಕಿನ ಕೆಂಪು ಚುಕ್ಕೆ. ಎಣ್ಣೆ ಸವರಿದೆ, ಮತ್ತೆ ಬಂತು. ಎಮರಿ ಕಾಗದದಿಂದ ಉಜ್ಜಿದೆ, ಮತ್ತೆ ಬಂತು. ಹಾಗೆ ಉಜ್ಜುತ್ತ ಇರುವ ಹಾಗೂ ಇಲ್ಲ. ಹಿಗ್ಗಿಸಿದ ಉಬ್ಬಿನಲ್ಲಿ ತಗಡು ಮೊದಲೇ ತೆಳು. ಇನ್ನು ಮೂರು ಸಲ ಉಜ್ಜಿದರೆ ಬಿರುಕು ಬಿಡುತ್ತದೆ, ಬಿರುಕು ಬಿಟ್ಟರೆ ಮೊದಲಿನಿಂದ ಮಾಡಬೇಕು, ಮೊದಲಿನಿಂದ ಮಾಡುವಷ್ಟರಲ್ಲಿ ಹೋಟೆಲಿನ ಲಾರಿ ಬಂದು ಹೋಗಿರುತ್ತದೆ.

ನನ್ನ ಚಿಂತೆಗೆ ಇದಕ್ಕಿಂತ ಒಳ್ಳೆಯ ಮೇವು ಬೇಕೇ? ಮೊದಲು ಕಡಲಗಾಳಿಯನ್ನು ಸಂಶಯಪಟ್ಟು ಶೆಡ್ಡಿಗೆ ಟಾರ್ಪಾಲು ಕಟ್ಟಿದೆ. ಆಮೇಲೆ ನನ್ನ ಬೆವರನ್ನು ಸಂಶಯಪಟ್ಟು, ತಲೆಗೆ ಒಂದು ಟವೆಲು, ಕುತ್ತಿಗೆಗೆ ಒಂದು ಟವೆಲು, ಕೈಗೆ ಗ್ಲೌಸು. ಆ ವೇಷದಲ್ಲಿ ಇರುವಾಗಲೇ ಹೆಂಡತಿ ಚಹಾ ತಂದಳು. ಉಚ್ಚಿಲದಲ್ಲಿ ಮೀನು ಒಣಗಿಸುವ ಮನೆಯಲ್ಲಿ ಹುಟ್ಟಿ ಬೆಳೆದವಳು. ನನ್ನನ್ನು ನೋಡಿದಳು, ತಗಡನ್ನು ನೋಡಿದಳು. ಚೀಲದ ಹೊಲಿಗೆಯನ್ನು ಬೆರಳಿನಿಂದ ಒತ್ತಿ, ಆ ಬೆರಳನ್ನು ನಾಲಗೆಗೆ ಮುಟ್ಟಿಸಿದಳು.

"ಎಲ್ಲಿಯ ಮರಳು ಇದು?"

"ನಮ್ಮ ಬೀಚಿನದ್ದೇ. ಯಾಕೆ?"

"ತಗಡನ್ನು ಉಪ್ಪು ಹಾಕಿ ಒಣಮೀನು ಮಾಡ್ತಿದ್ದೀರಾ ಮಾರಾಯ್ರೆ?"

ಮೂವತ್ತು ವರ್ಷಗಳಿಂದ ಕಡಲಿನ ಉಪ್ಪುಗಾಳಿಗೆ ಹೆದರಿ ಸೈಕಲಿನ ಚೈನಿಗೂ ಎಣ್ಣೆ ಬಿಡುತ್ತಿದ್ದವನು ನಾನು. ಆ ಕಡಲಿನ ಉಪ್ಪನ್ನೇ ಚೀಲದಲ್ಲಿ ಹೊಲಿಸಿ ಶೆಡ್ಡಿನೊಳಗೆ ತಂದಿಟ್ಟುಕೊಂಡಿದ್ದೆ!

ಪಕ್ಕದ ಮನೆಯವರು ಗೋಡೆ ಕಟ್ಟಿಸಿ ಉಳಿಸಿದ್ದ ಹೊಳೆಯ ಮರಳನ್ನು ಕೇಳಿ ತಂದೆ. ಹೆಂಡತಿ ಹಳೆಯ ಕಬ್ಬಿಣದ ಬಾಣಲೆ ಕೊಟ್ಟು, ಅದನ್ನು ಇನ್ನು ಅಡುಗೆಮನೆಗೆ ತರಕೂಡದೆಂದು ಆಜ್ಞೆಯನ್ನೂ ಕೊಟ್ಟಳು. ಮರಳನ್ನು ತೊಳೆದು, ಜರಡಿ ಹಿಡಿದು, ನೆಲಗಡಲೆ ಹುರಿಯುವ ಹಾಗೆ ಹುರಿದೆ. ಉಪ್ಪು ಕುಡಿದ ಚರ್ಮವನ್ನು ಬಿಸಾಡಿ, ದಪ್ಪ ಕ್ಯಾನ್ವಾಸಿನ ಚೀಲ ಹೊಲಿದು ತುಂಬಿಸಿದೆ. ಮರುದಿನ ಬೆಳಿಗ್ಗೆ ತಗಡು ಹೇಗಿಟ್ಟಿದ್ದೆನೋ ಹಾಗೆಯೇ ಬೆಳ್ಳಗಿತ್ತು. ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಗಟ್ಟಿ ಇತ್ತು. ಅಂಚು ಮಡಿಸಿ, ಬೋಲ್ಟಿನ ತೂತು ಕೊರೆದು, ಪ್ರೈಮರ್ ಹೊಡೆದೆ.

ಲಾರಿ ಬರಲಿಕ್ಕೆ ಎರಡು ದಿನ ಇರುವಾಗ ಮಡ್ಗಾರ್ಡನ್ನು ಬೆಡ್‌ಶೀಟಿನಲ್ಲಿ ಸುತ್ತಿ ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆ. "ಇದೆಂತ, ಆನೆಯ ಕಿವಿಯಾ?" ಎಂದ ಕಂಡಕ್ಟರ್. ಡ್ರೈವರಿನ ಹಿಂದೆ ಜಾಗ ಮಾಡಿಕೊಟ್ಟದ್ದೂ ಅವನೇ.

ಟೀಚರ್ ಅಂಗಳದಲ್ಲಿ ಕಾದಿದ್ದರು. ಒಂಬತ್ತು ಬೋಲ್ಟುಗಳಲ್ಲಿ ಎಂಟು ತಮ್ಮಷ್ಟಕ್ಕೆ ಕೂತವು. ಒಂಬತ್ತನೆಯದು ಕೂರಲಿಲ್ಲ, ಬಾಗಿಲು ತೆರೆದರೆ ಮಡ್ಗಾರ್ಡಿನ ಹಿಂದಿನ ಅಂಚಿಗೆ ಉಜ್ಜುತ್ತಿತ್ತು. ಟೀಚರ್ ಕೈಕಟ್ಟಿ ನಿಂತು ನೋಡಿದರು. ಉತ್ತರ ತಪ್ಪಾದಾಗಲೂ ಅವರು ಹೀಗೆಯೇ ನಿಲ್ಲುತ್ತಿದ್ದರು. ಆಶ್ಚರ್ಯವೆಂದರೆ ನನಗೆ ಹೆದರಿಕೆಯೇ ಆಗಲಿಲ್ಲ. ಒಂದು ಮರದ ತುಂಡನ್ನು ಅಂಚಿಗೆ ಕೊಟ್ಟು ಮೂರು ಪೆಟ್ಟು ಹಾಕಿದೆ. ನಾಲ್ಕನೆಯದು ಬೇಡ ಎಂದು ಕೈ ತಾನೇ ನಿಂತಿತು. ಬೋಲ್ಟು ಕೂತಿತು, ಬಾಗಿಲು ಎಲ್ಲಿಯೂ ತಾಗದೆ ತೆರೆಯಿತು.

ಲೈಟು ಕೂರಿಸಿ ವಯರು ಜೋಡಿಸಿದ ಮೇಲೆ ಟೀಚರ್ ಬಲಗಡೆಯ ಮಡ್ಗಾರ್ಡಿನ ಮೇಲೆ ಅಂಗೈ ಆಡಿಸಿದರು, ಆಮೇಲೆ ಎಡಗಡೆಯದರ ಮೇಲೆ. ಒಳಗೆ ಹೋಗಿ ಅಳಿಯನಿಗೆ ಫೋನು ಮಾಡಿ, ಲಾರಿ ಬೇಡ ಎಂದು ಹೇಳಿ ಬಂದರು. ಬರುವಾಗ ಕೈಯಲ್ಲಿ ಕೀ ಇತ್ತು.

"ಬಾ, ಕೂತುಕೋ. ಆನೆಕೆರೆಯವರೆಗೆ ಒಂದು ರೌಂಡು."

"ಟೀಚರ್, ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ..."

"ಕೂತುಕೋ ಎಂದೆ."

ಗೇಟು ದಾಟಿದ ಮೇಲೆ ಒಂದು ದೊಡ್ಡ ಹಂಪು ಉಂಟು. ಅವರು ನಿಧಾನಿಸದೆಯೇ ಕಾರನ್ನು ಅದರ ಮೇಲೆ ಹತ್ತಿಸಿದರು. ಕಾರು ಎದ್ದು ಬಿತ್ತು. ನಾನು ಕಿವಿಯನ್ನು ಎಡಕ್ಕೆ ಕೊಟ್ಟು ಕೂತಿದ್ದೆ.

"ಎಂತ ಶಬ್ದ ಕೇಳಿತು?"

"ಎಂತದೂ ಇಲ್ಲ ಟೀಚರ್."

"ಹಾಗಾದರೆ ಇನ್ನು ಉಸಿರು ಬಿಡು," ಎಂದು ಟೀಚರ್ ಮೂರನೇ ಗೇರಿಗೆ ಹಾಕಿದರು.