ಚಕ್ರೇಶ್ವರಮ್ಮನ ಸೋಸುಬಟ್ಟೆ

ಚಕ್ರೇಶ್ವರಮ್ಮ ಹುಟ್ಟಿದಾಗಿನಿಂದ ಸೋಸದ ನೀರು ಕುಡಿದವಳಲ್ಲ. ಹಿರೀಸಾವೆ ಹತ್ತಿರದ ಆ ಊರಿನ ಜೈನರ ಮನೆಗಳಲ್ಲಿ ಅದು ಹಳೆಯ ನೇಮ. ಬಾವಿ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಗಂಟಿದ ಹುಳುಗಳನ್ನು ನೀರಲ್ಲಿ ತೊಳೆದು ಅದೇ ಬಾವಿಗೆ ಇಳಿಸಬೇಕು. ಕೊಳವೆಬಾವಿ ನೀರನ್ನು ಆಕೆ ಮುಟ್ಟದಿದ್ದದ್ದೂ ಇದಕ್ಕೇ. ಸೋಸಿದ ಜೀವವನ್ನು ಆ ತೂತಿಗೆ ವಾಪಸ್ ಬಿಡುವುದು ಹೇಗೆ, ಹೇಳಿ?

ಊರಾಚೆ ಹಸಿರು ಕೈಗಾರಿಕಾ ವಸಾಹತು ಬಂತು. ಒಂದು ಕಾರ್ಖಾನೆಯ ಕಸ ಇನ್ನೊಂದಕ್ಕೆ ಕಚ್ಚಾಮಾಲು. ತೆಂಗಿನ ನಾರಿನ ಪುಡಿಯಿಂದ ಬಾಯ್ಲರಿಗೆ ಉರಿ, ಬಟ್ಟೆಗೆ ಬಣ್ಣ ಹಾಕಿದ ನೀರು ಶುದ್ಧವಾಗಿ ಊರ ಕೆರೆಗೆ. ನೀರು ಶುದ್ಧ ಮಾಡುವ ಘಟಕಕ್ಕೆ ಆಪರೇಟರ್ ಆಗಿ ಸೇರಿದವನು ಆಕೆಯ ಮಗ ಜಿತೇಂದ್ರ. ಆ ನೀರು ಕೆರೆಗೆ ಬಿಡುವುದು ಬೇಡವೆಂದು ಗ್ರಾಮಸಭೆಯಲ್ಲಿ ಜನ ಗಲಾಟೆ ಎಬ್ಬಿಸಿದಾಗ ಎದ್ದು ನಿಂತವಳು ಈಕೆಯೇ.

"ಹುಟ್ಟಿದೂರ್ ನೀರ್ಗೆ ನನ್ ಮಗ ವಿಷ ಹಾಕ್ತಾನೇನ್ರಪ್ಪಾ?" ಎಂದಳು. ಇರುವೆಯನ್ನೂ ದಾಟಿ ನಡೆಯುವ ಹೆಂಗಸಿನ ಮಾತು, ಊರು ಒಪ್ಪಿತು.

ಕೆರೆ ತುಂಬಿತು, ಬಾವಿಯ ನೀರೂ ಏರಿತು. ಹೋದ ತಿಂಗಳಿಂದ ಸೋಸುಬಟ್ಟೆಯಲ್ಲಿ ಒಂದೇ ಒಂದು ಹುಳ ಸಿಗಲಿಲ್ಲ. ಸದ್ಯ, ಪಾಪ ತಪ್ಪಿತು ಎಂದು ಹಿಗ್ಗಿ, ಬೀದಿಗೆಲ್ಲ ಆ ಬಟ್ಟೆ ತೋರಿಸಿಕೊಂಡು ಬಂದಳು, ಪುಣ್ಯಾತ್ಗಿತ್ತಿ.

ಮೊನ್ನೆ ಬೆಳಿಗ್ಗೆ ಜಿತೇಂದ್ರ ಎರಡು ಕ್ಯಾನ್ ನೀರು ತಂದಿಟ್ಟ. ಅವನ ಹೆಂಡತಿ ಜಿನಶ್ರೀ ಏಳು ತಿಂಗಳ ಬಸುರಿ.

"ಇನ್ಮೇಲೆ ಎಲ್ರೂ ಇದನ್ನೇ ಕುಡೀಬೇಕು ಅಮ್ಮ."

"ಯಾವೂರ್ ನೀರೋ ಅದು? ನಮ್ ಬಾವಿ ನೀರ್ಗೇನ್ ಬಂದದೆ ರೋಗ? ಹುಡುಕಿದ್ರೂ ಒಂದ್ ಹುಳ ಇಲ್ಲ ಅದ್ರಲ್ಲಿ."

ಜಿತೇಂದ್ರ ಬಾಗಿಲು ಮುಂದೆ ಮಾಡಿದ. "ಅದಕ್ಕೇ ಅಮ್ಮ," ಎಂದ ಮೆಲ್ಲಗೆ. "ಘಟಕ ಕೆಟ್ಟು ತಿಂಗ್ಳಾಯ್ತು. ಬಣ್ಣ ಕಾಣ್ದಂಗೆ ಏನೋ ಸುರ್ದು ಹಂಗೇ ಕೆರೆಗೆ ಬಿಡ್ತಿದೀವಿ. ಬಾಯ್ಬಿಟ್ರೆ ಕೆಲ್ಸ ಇಲ್ಲ ಅಂದವ್ರೆ."

ತಿಂಗಳಿಡೀ ಸೊಸೆಗೆ ಚಕ್ರೇಶ್ವರಮ್ಮ ತಾನೇ ಚೊಂಬು ತುಂಬಿ ಕೊಟ್ಟಿದ್ದಳು. ಹೊಟ್ಟೆಯೊಳಗಿನ ಕೂಸು ನೆನಪಾಯಿತು. ಬಾವಿಗೆ ಓಡಿ, ಇನ್ನು ಯಾರೂ ನೀರು ಸೇದದಂತೆ ರಾಟೆಯ ಹಗ್ಗ ಬಿಚ್ಚತೊಡಗಿದಳು. ಗಂಟು ಸಡಿಲವಾಗಲೇ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಸುವರ್ಣಮ್ಮ ಕೊಡ ಹಿಡಿದು ಬಂದಳು. ಸೊಂಟದ ಮೇಲೆ ವರ್ಷದ ಮೊಮ್ಮಗಳು ನಿಧಿ.

"ಅಗ್ಗ ಯಾಕ್ ಬಿಚ್ತೀಯಕ್ಕಾ? ನೀರಿಗೆ ಬಂದೆ. ನೀನು ಬಟ್ಟೆ ತೋರಿಸ್ದಾಗಿಂದ ಮಗೀಗೆ ಕಾಯ್ಸೋದೂ ಬಿಟ್ಬುಟ್ಟೀನಿ ಕಣಕ್ಕಾ. ಅಂಗೇ ಕುಡಿಸ್ತೀನಿ."