ತಗಡಿನ ಶೆಡ್ಡಿಗೆ ಸಾಗವಾನಿ ಬಾಗಿಲು

ಕೊಂಕಲ್‌ನಲ್ಲಿ ಅಯ್ಯಮ್ಮನ ಮನೆಯ ಪಕ್ಕ ಒಂದು ತಗಡಿನ ಶೆಡ್ಡಿದೆ. ಅದರ ಬಾಗಿಲ ಚೌಕಟ್ಟು ಮಾತ್ರ ಕೆತ್ತನೆಯ ಸಾಗವಾನಿಯದು. ಹೊಸಬರು ನೋಡಿ ನಗುತ್ತಾರೆ. ನಾನು ಕೈ ಮುಗಿಯುತ್ತೇನೆ.

ಅಯ್ಯಮ್ಮನ ಮಗ ಮರಿಲಿಂಗ, ಸೊಸೆ ಪರಿಮಳಾ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಆರು ವರ್ಷವಾಗಿತ್ತು. ಸ್ಲ್ಯಾಬಿನ ಮನೆಗೆಂದು ತಿಂಗಳಿಗೊಮ್ಮೆ ರೊಕ್ಕ ಕಳಿಸುತ್ತಿದ್ದರು. ಮರಿಲಿಂಗನ ಅವಸರ ಕೇಳಬೇಡಿ; ಪಾಯ ತೋಡುವ ಮೊದಲೇ ಶಹಾಪುರದಿಂದ ಚೌಕಟ್ಟು ತಂದು, ಪೂಜೆ ಮಾಡಿ, ತಾಡಪತ್ರಿ ಹೊದಿಸಿ ಇಟ್ಟಿದ್ದ.

ಹೋದ ಪಂಚಮಿಗೆ ಅವರು ಬಂದಾಗ ಮೊಮ್ಮಗಳ ಅಂಗಾಲಲ್ಲಿ ಮೊಳೆ ಚುಚ್ಚಿದ ಗಾಯವಿತ್ತು. ತಾಯಿ ಇಟ್ಟಿಗೆ ಹೊರುವಾಗ ಕೂಸು ಅಲ್ಲೇ ಉಸುಕಿನಲ್ಲಿ ಆಡುತ್ತಿತ್ತಂತೆ. ಸೊಸೆ, ಮೊಮ್ಮಗಳು ಇನ್ನು ಊರಲ್ಲೇ ಉಳಿಯಬೇಕೆಂದು ಅಯ್ಯಮ್ಮ ಮನಸ್ಸಿನಲ್ಲೇ ಹಟ ಹಿಡಿದಳು. ಅವರು ರೈಲು ಹತ್ತಿದ ಮೇಲೆ ಮನೆ ಕಟ್ಟಲು ಅವರು ಕಳಿಸಿದ್ದ ರೊಕ್ಕದಲ್ಲಿ ಖಾರ ಕುಟ್ಟುವ ಮಷಿನ್ ತರಿಸಿದಳು. ನಮ್ಮ ಹೆಂಗಸರು ಮೆಣಸಿನಕಾಯಿ ಕುಟ್ಟಿಸಲು ಯಾದಗಿರಿಗೆ ಅಲೆಯುವುದನ್ನು ಕಂಡಿದ್ದಳಲ್ಲ! ಪೂಜೆಯಾದ ಚೌಕಟ್ಟನ್ನು ಮೂಲೆಗೆ ಒರಗಿಸಿಡಬಾರದೆಂದು ಅದನ್ನೇ ಶೆಡ್ಡಿಗೆ ನಿಲ್ಲಿಸಿದಳು. ಮಷಿನ್ನಿನ ಪುಸ್ತಕ ಓದಿ ಹೇಳಿದವನು ನೆರೆಮನೆಯ ನಾನು. ಶಾಲೆಯ ಮೆಟ್ಟಿಲು ಹತ್ತದೆ ತಾನಾಗೇ ಅಕ್ಷರ ಕಲಿತವನು, ಆದರೂ ಒಂದಕ್ಷರ ತಪ್ಪಲಿಲ್ಲ.

ಯುಗಾದಿಗೆ ಮರಿಲಿಂಗ ಹೆಂಡತಿ ಮಗಳೊಡನೆ ಬಂದ.

"ಯವ್ವಾ, ಮನಿ ಗ್ವಾಡಿ ಎಲ್ಲಿ ಅವ ಬೇ?"

"ಗ್ವಾಡಿ ಇಲ್ಲ. ಬಾಗಿಲ ಐತಿ, ಒಳಗ ಬಾ."

"ಆರು ವರ್ಷದ ದುಡಿತ ಖಾರದಾಗ ಹಾಕಿದಿ? ಮಂದಿ ನಗಾಕತ್ತಾರ!"

"ನಗಲಿ. ನಕ್ಕವರೇ ನಾಳಿ ಮೆಣಸಿನಕಾಯಿ ತರ್ತಾರ. ನೀ ಬೇಕಾದ್ರ ಮಂದಿ ಮನಿ ಕಟ್ಟಾಕ ಹೋಗು. ಈಕಿ ಹೋಗೂದಿಲ್ಲ, ಕೂಸೂ ಹೋಗೂದಿಲ್ಲ."

ಮರಿಲಿಂಗ ನನ್ನ ಕಡೆ ತಿರುಗಿದ. "ಕಾಕಾ, ನೀವರ ಹೇಳಬಾರದಿತ್ತೇನ್ರಿ?"

"ಮಷಿನ್ನಿನ ಪುಸ್ತಕ ಓದೀನಪ. ನಿಮ್ಮವ್ವನ್ನ ಓದಾಕ ಆಗಿಲ್ಲ."

ಅಷ್ಟರಲ್ಲಿ ಪರಿಮಳಾ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋಗಿ ಗುಂಡಿ ಒತ್ತಿದ್ದಳು. ಕೆಂಪು ಘಾಟು ಹೊರಗೆ ನುಗ್ಗಿತು. ಮರಿಲಿಂಗ ಸೀನುತ್ತಲೇ ಚಪ್ಪಲಿ ಬಿಟ್ಟು, ತಾನು ತಂದ ಚೌಕಟ್ಟಿನ ಹೊಸ್ತಿಲು ಮುಟ್ಟಿ ನಮಸ್ಕರಿಸಿ ಒಳಗೆ ಹೋದ.

ಹಬ್ಬ ಮುಗಿಸಿ ಪುಣೆಗೆ ಒಬ್ಬನೇ ಹೋದ. ಮೊಮ್ಮಗಳು ಈಗ ನಮ್ಮೂರ ಅಂಗನವಾಡಿಗೆ ಹೋಗುತ್ತಾಳೆ. ನಮ್ಮ ಮನೆಯ ಖಾರಕ್ಕೆ ಪರಿಮಳಾ ಕಾಸು ಮುಟ್ಟುವುದಿಲ್ಲ. ದುಡಿದು ಕಳಿಸಿದವನನ್ನು ನೆನೆಯದೆ ನಾನು ರೊಟ್ಟಿ ಮುರಿಯುವುದಿಲ್ಲ.

ಮೊನ್ನೆ ಅಯ್ಯಮ್ಮನಿಗೆ ಮರಿಲಿಂಗನ ಫೋನು ಬಂದಿತ್ತು. "ಯವ್ವಾ, ಪಾಯಕ್ಕ ರೊಕ್ಕ ಹಾಕೀನಿ. ಆ ಚೌಕಟ್ಟ ಮಾತ್ರ ಬಿಚ್ಚಬ್ಯಾಡ. ಮನಿಗೆ ಬ್ಯಾರೆ ತರ್ತೀನಿ."